ವಂದನಾ ನಿರ್ಣಯ ಕೈಬಿಟ್ಟ ಜನವರಿ

ಅರಸೀಕೆರೆ ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿಯುವುದು ಕೊಬ್ಬರಿಯ ವಾಸನೆ. ಈ ಜನವರಿಯ ಕೊನೆಯಲ್ಲಿ ಅಕ್ಕನ ಮನೆಗೆಂದು ಅಲ್ಲಿ ಇಳಿದವನು ಎದುರಿನ ಹೋಟೆಲಿನಲ್ಲಿ ಕಾಫಿಗೆ ಕೂತೆ. ಗೋಡೆಯ ಮೇಲಿನ ಟಿ.ವಿ.ಯಲ್ಲಿ ರಾಷ್ಟ್ರಪತಿಗಳು ಸಂಸತ್ತಿನ ಎರಡೂ ಸದನಗಳ ಮುಂದೆ ವರ್ಷದ ಭಾಷಣ ಓದುತ್ತಿದ್ದರು. 'ನನ್ನ ಸರ್ಕಾರ' ಎಂಬ ಮಾತು ಬಂದಾಗಲೆಲ್ಲ ಅರ್ಧ ಸಭೆ ಮೇಜು ಕುಟ್ಟುತ್ತಿತ್ತು, ಇನ್ನರ್ಧ ಸುಮ್ಮನೆ ಕೂತಿತ್ತು. ನನ್ನ ಪಕ್ಕದಲ್ಲಿ ಹಣೆತುಂಬ ವಿಭೂತಿ ಧರಿಸಿದ್ದ ಕೊಬ್ಬರಿ ವ್ಯಾಪಾರಿಯೊಬ್ಬರು ಇಡ್ಲಿ ಮುರಿಯುತ್ತಾ, ಪಾಪ, ಇಷ್ಟೆಲ್ಲ ಯಾವಾಗ ಕೂತು ಬರೆದುಕೊಂಡರೋ ಎಂದು ಮರುಕಪಟ್ಟರು.

ಅವರು ಬರೆದದ್ದಲ್ಲ ಎಂದು ಹೇಳಲು ನನ್ನ ನಾಲಿಗೆ ತುರಿಸಿತು. ಇಪ್ಪತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವನ ಚಟ ಅದು. ಆದರೂ ಸುಮ್ಮನಿದ್ದೆ. ಈ ಒಂದು ಸಂಗತಿಯನ್ನು ಹಿಂದೊಮ್ಮೆ ಬೇಲೂರಿನಲ್ಲಿ ಬಹಳ ಉತ್ಸಾಹದಿಂದ ವಿವರಿಸಿದ್ದೆ. ಅದರ ಕಷ್ಟ ಅನುಭವಿಸಿದ್ದು ನಾನಲ್ಲ, ಹುಲಿಕೆರೆಯ ಒಬ್ಬ ಹುಡುಗಿ.

ಆಗ ನಾನು ಬೇಲೂರಿನ ಒಂದು ಸಣ್ಣ ಪದವಿಪೂರ್ವ ಕಾಲೇಜಿನಲ್ಲಿದ್ದೆ. ಹೆಸರು ಬೇಡ. ನಿಯೋಜನೆಯ ಮೇಲೆ ಒಂದೇ ವರ್ಷಕ್ಕೆ ಹೋದವನಾದ್ದರಿಂದ ಸಂಸಾರವನ್ನು ಅರಸೀಕೆರೆಯಲ್ಲೇ ಬಿಟ್ಟು ವಾರವೆಲ್ಲ ಬಾಡಿಗೆ ಕೋಣೆಯಲ್ಲಿರುತ್ತಿದ್ದೆ. ಶನಿವಾರ ಮಧ್ಯಾಹ್ನ ಹಳೇಬೀಡು, ಜಾವಗಲ್ ದಾಟಿ ಬರುವ ಬಸ್ಸು ಹಿಡಿದರೆ ಸಂಜೆಯ ಹೊತ್ತಿಗೆ ಮನೆ. ಒಂದು ವರ್ಷಕ್ಕೆ ಬಂದ ಮೇಷ್ಟ್ರನ್ನು ಯಾರೂ ಹೆಚ್ಚು ಹಚ್ಚಿಕೊಳ್ಳುವುದಿಲ್ಲ, ನನಗೂ ಅದೇ ಬೇಕಾಗಿತ್ತು. ನಾನು ಸ್ವಭಾವತಃ ಮನುಷ್ಯರಿಗಿಂತ ನಿಯಮಗಳ ಜೊತೆ ಹೊಂದಿಕೊಂಡು ಹೋಗುವವನು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಡಿಸೆಂಬರಿನಲ್ಲಿ ಪ್ರಿನ್ಸಿಪಾಲರು ನನ್ನನ್ನು ಕರೆದು, ಜನವರಿಯಲ್ಲಿ ಮಕ್ಕಳಿಂದ ಅಣಕು ಸಂಸತ್ತು ಮಾಡಿಸಬೇಕು ಎಂದರು. ಸಾಮಾನ್ಯವಾಗಿ ಅಣಕು ಸಂಸತ್ತು ಎಂದರೆ ಪ್ರಶ್ನೋತ್ತರ, ಗಲಾಟೆ, ಸಭಾತ್ಯಾಗ. ಮಕ್ಕಳಿಗೆ ಗಲಾಟೆಯ ಭಾಗ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಬೇರೆ ಥರ ಮಾಡೋಣ ಎಂದೆ. ವರ್ಷದ ಮೊದಲ ಅಧಿವೇಶನ ಶುರುವಾಗುವುದೇ ರಾಷ್ಟ್ರಪತಿಯ ಭಾಷಣದಿಂದ, ನಾವೂ ಅಲ್ಲಿಂದಲೇ ಶುರುಮಾಡೋಣ ಎಂದೆ. ಪ್ರಿನ್ಸಿಪಾಲರಿಗೆ ಭಾಷಣ ಎಂಬ ಪದ ಹಿಡಿಸಿತು. ಸರಿ ಎಂದರು.

ದ್ವಿತೀಯ ಪಿಯುಸಿ ಮಕ್ಕಳಿಗೆ ಎರಡು ತರಗತಿ ಅದರ ಚರಿತ್ರೆಯನ್ನೇ ಹೇಳಿದೆ. ಇಂಗ್ಲೆಂಡಿನಲ್ಲಿ ದೊರೆ ಪಾರ್ಲಿಮೆಂಟಿಗೆ ಬಂದು, ಯಾಕೆ ನಿಮ್ಮನ್ನೆಲ್ಲ ಕರೆಸಿದ್ದೇನೆ ಎಂದು ಹೇಳುವ ಪದ್ಧತಿ ಇತ್ತು. ಬರಬರುತ್ತಾ ಅಧಿಕಾರವೆಲ್ಲ ಮಂತ್ರಿಗಳ ಕೈಗೆ ಹೋಯಿತು, ಓದುವ ಕೆಲಸ ಮಾತ್ರ ದೊರೆಗೆ ಉಳಿಯಿತು. ನಮ್ಮ ಸಂವಿಧಾನವೂ ಇದನ್ನು ಇಟ್ಟುಕೊಂಡಿತು, ದೊರೆಯ ಜಾಗದಲ್ಲಿ ರಾಷ್ಟ್ರಪತಿ. ಮೊದಲು ಪ್ರತಿ ಅಧಿವೇಶನಕ್ಕೂ ಭಾಷಣ ಆಗಬೇಕು ಎಂದಿತ್ತು. ಅದು ಅತಿಯಾಯಿತೆಂದು ಸಂವಿಧಾನದ ಮೊದಲ ತಿದ್ದುಪಡಿಯಲ್ಲೇ ವರ್ಷಕ್ಕೊಮ್ಮೆ, ಜೊತೆಗೆ ಹೊಸ ಚುನಾವಣೆ ಆದಾಗ, ಎಂದು ಬದಲಾಯಿಸಿದರು. ಭಾಷಣದ ಉದ್ದೇಶ ಒಂದೇ, ಸದಸ್ಯರನ್ನು ಕರೆಸಿದ ಕಾರಣ ತಿಳಿಸುವುದು. ಬರೆಯುವುದು ಮಂತ್ರಿಮಂಡಲ, ಓದುವುದು ರಾಷ್ಟ್ರಪತಿ. ಓದುವಾಗ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಓದಿ ಹೋದ ಮೇಲೆ ಸದನ ವಂದನಾ ನಿರ್ಣಯ ತರುತ್ತದೆ. ಹೆಸರಿಗೆ ಅದು ವಂದನೆ, ನಿಜದಲ್ಲಿ ಬೈಗುಳಕ್ಕೂ ಜಾಗ ಇರುವುದು ಅಲ್ಲಿಯೇ. ಇಂಥ ವಿಷಯ ಭಾಷಣದಲ್ಲಿ ಇಲ್ಲ ಎಂದು ವಿಷಾದಿಸುತ್ತೇವೆ ಅಂತ ಒಬ್ಬ ಸದಸ್ಯ ತಿದ್ದುಪಡಿ ತರಬಹುದು. ಅದು ಗೆದ್ದರೆ ಸರ್ಕಾರಕ್ಕೆ ಸೋಲು. ಇದನ್ನೆಲ್ಲ ಹೇಳುವಾಗ ಹಿಂದಿನ ಬೆಂಚಿನವರು ಎಂದಿನಂತೆ ಆಕಳಿಸುತ್ತಿದ್ದರು.

ರಾಷ್ಟ್ರಪತಿಯ ಪಾತ್ರಕ್ಕೆ ರಂಜಿತ ಎಂಬ ಹುಡುಗಿಯನ್ನು ಆರಿಸಿದೆ. ಹುಲಿಕೆರೆಯವಳು, ರಾಗಿ ಮತ್ತು ತೆಂಗು ಬೆಳೆಯುವ ಮನೆಯವಳು. ಮೈಕು ಇಲ್ಲದೆ ಇಡೀ ಹಾಲಿಗೆ ಕೇಳುವಂತೆ, ಒಂದೊಂದು ಅಕ್ಷರ ಬಿಡಿಸಿ ಓದುತ್ತಿದ್ದಳು. ಎಲ್ಲಿ ಕಲಿತೆ ಎಂದರೆ, ಮನೆಯಲ್ಲಿ ಅಜ್ಜಿಗೆ ಕಿವಿ ಕೇಳುವುದಿಲ್ಲ, ದಿನಾ ಪೇಪರು ಓದಿ ಹೇಳುತ್ತೇನೆ ಎಂದಳು. ಭಾಷಣ ಬರೆಯುವ ಕೆಲಸವನ್ನು ಹುಡುಗರ ಮಂತ್ರಿಮಂಡಲಕ್ಕೆ ಒಪ್ಪಿಸಿದೆ. ದೇಶದ ವಿಷಯ ನಿಮಗೆ ತಿಳಿಯದು, ನಮ್ಮ ತಾಲ್ಲೂಕನ್ನೇ ದೇಶ ಅಂದುಕೊಳ್ಳಿ ಎಂದೆ. ಚೇತನ್ ಎಂಬವನು ಸಾರಿಗೆ ಮಂತ್ರಿ. ಬೇಲೂರು ಪೇಟೆಯಲ್ಲೇ ಮನೆ, ಕಾಲೇಜಿಗೆ ಸೈಕಲ್ಲು. ಬಸ್ಸು ಹತ್ತುವುದು ನೆಂಟರ ಮದುವೆಗೆ ಮಾತ್ರ. ಅವನು ತನ್ನ ಪಾಲಿನ ಭಾಗದಲ್ಲಿ, ಸಂಜೆಯ ಹೊತ್ತು ಎಲ್ಲ ಗ್ರಾಮಗಳಿಗೂ ಬಸ್ಸು ಹೋಗುತ್ತಿದೆ, ಹುಲಿಕೆರೆಯಂಥ ಒಳಗಿನ ಊರಿನ ವಿದ್ಯಾರ್ಥಿನಿಯರೂ ಸುಖವಾಗಿ ಮನೆ ಸೇರುತ್ತಿದ್ದಾರೆ ಎಂದು ಬರೆದುಕೊಂಡು ಬಂದ. ಹುಲಿಕೆರೆ ಎಂಬ ಹೆಸರು ಅವನಿಗೆ ಹೊಳೆದದ್ದೇ ರಂಜಿತಳಿಂದ. ಪಾಪ, ಅವಳನ್ನು ಖುಷಿಪಡಿಸಲೆಂದೇ ಹಾಕಿದ್ದ.

ತಾಲೀಮಿನಲ್ಲಿ ಆ ಸಾಲಿಗೆ ಬಂದ ರಂಜಿತ ಓದು ನಿಲ್ಲಿಸಿದಳು.

"ಸಾರ್, ಆ ಬಸ್ಸು ಬತ್ತಾ ಇಲ್ಲ. ದೀಪಾವಳಿಯಿಂದ ಹಳೇಬೀಡಲ್ಲೇ ತಿರುಗಿಸ್ಕೊಂಡ್ ಹೋಗ್ಬಿಡ್ತಾರೆ."

ಆಗ ನನಗೆ ಮೊದಲ ಬಾರಿಗೆ ವಿಷಯ ಗೊತ್ತಾಯಿತು. ಹುಲಿಕೆರೆಯಿಂದ ನಾಲ್ವರು ಹುಡುಗಿಯರು ಬರುತ್ತಿದ್ದರು. ಬೆಳಗ್ಗೆ ಊರಿನಿಂದಲೇ ಬಸ್ಸು. ಸಂಜೆ ಹಳೇಬೀಡಿನಲ್ಲಿ ಇಳಿದು ಮಿಕ್ಕ ದಾರಿ ನಡಿಗೆ. ಚಳಿಗಾಲದಲ್ಲಿ ಆ ಹೊತ್ತಿಗೆ ಕತ್ತಲು ಇಳಿಯುತ್ತಿರುತ್ತದೆ, ನಡುವೆ ಒಂದಷ್ಟು ದೂರ ಮನೆಗಳಿಲ್ಲ. ಆ ವರ್ಷ ಅಲ್ಲಿಯ ಕುರುಚಲು ಕಾಡಿನಲ್ಲಿ ಚಿರತೆ ಕಂಡಿತ್ತು, ಒಂದು ಕರು ಹೋಗಿತ್ತು. ಹುಲಿಕೆರೆಯ ಕಲ್ಯಾಣಿ ನೋಡಲು ಹಗಲು ಹೊತ್ತಿನಲ್ಲಿ ಬೆಂಗಳೂರಿನ ಕಾರುಗಳು ಸಾಲಾಗಿ ಬಂದು ಹೋಗುತ್ತಿದ್ದವು. ಸಂಜೆ ಆ ರಸ್ತೆಯಲ್ಲಿ ಈ ನಾಲ್ವರೇ.

ಇಷ್ಟು ಕೇಳಿದ ಮೇಲೆ ಸಾಧಾರಣ ಮನುಷ್ಯನಾದರೆ ಆ ಸಾಲು ಹೊಡೆದುಹಾಕುತ್ತಿದ್ದ. ನಾನು ಪಾಠ ಮಾಡಿದೆ. ರಾಷ್ಟ್ರಪತಿ ಒಂದಕ್ಷರ ಸೇರಿಸುವಂತಿಲ್ಲ, ಒಂದಕ್ಷರ ಬಿಡುವಂತಿಲ್ಲ. ಬಾಯಿ ಮಾತ್ರ ನಿನ್ನದು, ಮಾತು ಸರ್ಕಾರದ್ದು. ಸುಳ್ಳಾಗಿದ್ದರೆ ಅದನ್ನು ಬಯಲು ಮಾಡಲೆಂದೇ ವಂದನಾ ನಿರ್ಣಯ ಇರುವುದು, ವಿರೋಧ ಪಕ್ಷದವರು ಎದ್ದು ಹೇಳುತ್ತಾರೆ. ಇಂಥ ಉದಾಹರಣೆ ಕೈಗೆ ಸಿಕ್ಕಿತೆಂದು ನನಗೆ ಒಳಗೊಳಗೇ ಸಂತೋಷವೂ ಆಗಿತ್ತು. ಅವಳು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು.

"ಆಮೇಲೆ ಹೇಳೇ ಹೇಳ್ತಾರಲ್ವಾ ಸಾರ್?"

"ಹೇಳ್ತಾರೆ."

"ಹಂಗಾದ್ರೆ ಓದ್ತೀನಿ."

ಕಾರ್ಯಕ್ರಮದ ದಿನ ಹಾಲಿನಲ್ಲಿ ಎಲ್ಲ ಸಾಂಗವಾಗಿ ನಡೆಯಿತು. ಇಬ್ಬರು ಹುಡುಗರು ತೆಂಗಿನ ದಬ್ಬೆಗೆ ಚಿನ್ನದ ಬಣ್ಣದ ಕಾಗದ ಸುತ್ತಿ, ರಾಜದಂಡದಂತೆ ಹಿಡಿದು ಮುಂದೆ ನಡೆದರು, ಹಿಂದೆ ರಂಜಿತ, ಅವಳ ಚಿಕ್ಕಮ್ಮನ ರೇಷ್ಮೆ ಸೀರೆಯಲ್ಲಿ. ಎಲ್ಲರೂ ಎದ್ದು ನಿಂತರು. ಕೆಲವು ಹಳ್ಳಿಗಳಿಂದ ಪೋಷಕರೂ ಬಂದಿದ್ದರು, ಹುಲಿಕೆರೆಯಿಂದ ಅವಳ ಅಜ್ಜ ನಂಜೇಗೌಡರೂ ಇದ್ದರು. ಮುಖ್ಯ ಅತಿಥಿ ಬಸ್ಸುಗಳ ಉಸ್ತುವಾರಿ ನೋಡಿಕೊಳ್ಳುವ ಒಬ್ಬ ಅಧಿಕಾರಿ. ಅವರನ್ನು ಕರೆಯಬೇಕೆಂದು ನಿರ್ಧರಿಸಿದ್ದು ಪ್ರಿನ್ಸಿಪಾಲರು. ನನಗೆ ಗೊತ್ತಾದದ್ದು ಹಿಂದಿನ ದಿನ.

ರಂಜಿತ "ಮಾನ್ಯ ಸದಸ್ಯರೇ" ಎಂದಾಗ ಇಡೀ ಸಭೆ ಕಿವಿಗೊಟ್ಟಿತು. ಅಷ್ಟು ಚೆನ್ನಾಗಿ ಓದಿದಳು. ಹುಲಿಕೆರೆಯ ಸಾಲು ಬಂದಾಗ ಧ್ವನಿ ಏರಲಿಲ್ಲ, ಇಳಿಯಲಿಲ್ಲ. ಅತಿಥಿಗಳು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಮೂರನೆಯ ಸಾಲಿನಲ್ಲಿದ್ದ ನಂಜೇಗೌಡರು ಹೆಗಲ ಮೇಲಿನ ಟವೆಲ್ ತೆಗೆದು ಮಡಿಲಲ್ಲಿ ಇಟ್ಟುಕೊಂಡದ್ದು ನನಗೆ ಕಂಡಿತು.

ಭಾಷಣ ಮುಗಿಯುತ್ತಿದ್ದಂತೆ ಪ್ರಿನ್ಸಿಪಾಲರು ನನ್ನ ಕಿವಿಗೆ ಬಂದರು. ಅತಿಥಿಗಳಿಗೆ ಹಾಸನದಲ್ಲಿ ಸಭೆ ಇದೆಯಂತೆ, ಹೊರಡಬೇಕಂತೆ, ಮುಂದಿನದ್ದು ಬಿಟ್ಟು ನೇರವಾಗಿ ಸನ್ಮಾನಕ್ಕೆ ಬನ್ನಿ ಎಂದರು. ವಂದನಾ ನಿರ್ಣಯದ ಮಕ್ಕಳು ಚೀಟಿ ಹಿಡಿದು ಎದ್ದು ನಿಂತಿದ್ದರು. ನಾನು ಕೈಸನ್ನೆಯಲ್ಲೇ ಕೂರಿಸಿದೆ. ಹಾರ, ಶಾಲು, ಹಣ್ಣಿನ ಬುಟ್ಟಿ. ಓದಿದ ಭಾಷಣದ ಪ್ರತಿಯನ್ನು ಒಂದು ಚೆಂದದ ಫೈಲಿನಲ್ಲಿಟ್ಟು ಅತಿಥಿಗಳಿಗೆ ಕೊಟ್ಟೆವು. ಆಮೇಲೆ ರಾಷ್ಟ್ರಗೀತೆ. ರಂಜಿತ ಕುರ್ಚಿಯಿಂದ ಇಳಿದು ಬಂದು ನನ್ನ ಮುಖ ನೋಡಿದಳು. ನಾನು ಮೈಕಿನ ತಂತಿ ಸುತ್ತುವುದರಲ್ಲಿ ಬಹಳ ಮಗ್ನನಾದೆ.

ಹತ್ತು ದಿನ ಕಳೆಯಿತು. ಒಂದು ಬೆಳಗ್ಗೆ ನಂಜೇಗೌಡರು ಮೊಮ್ಮಗಳನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದರು. ಟಿ.ಸಿ. ಬೇಕು ಎಂದರು. ನಡೆದದ್ದನ್ನು ಅವರು ಸಮಾಧಾನವಾಗಿಯೇ ಹೇಳಿದರು. ಊರಿನ ಐದಾರು ಜನ ಸಂಜೆ ಬಸ್ಸಿನ ಅರ್ಜಿ ಹಿಡಿದು ಆ ಅಧಿಕಾರಿಯ ಬಳಿ ಹೋಗಿದ್ದರು. ಅವರು ಕೂರಿಸಿ, ಟೀ ಕೊಡಿಸಿ, ಮೇಜಿನ ಮೇಲಿದ್ದ ನಮ್ಮ ಫೈಲನ್ನೇ ತೆರೆದು ತೋರಿಸಿದರಂತೆ. ನಿಮ್ಮೂರ ಹುಡುಗಿಯೇ ಸಭೆಯಲ್ಲಿ ಎಲ್ಲ ಸರಿಯಾಗಿದೆ ಎಂದು ಹೇಳಿದ್ದಾಳಲ್ಲ ಎಂದರಂತೆ. ಬಂದವರು ಅರ್ಜಿ ಮಡಚಿಕೊಂಡು ಎದ್ದರು. ಊರಿಗೆ ಮರಳಿ ರಂಜಿತಳ ಮನೆಯ ಮುಂದೆ ನಿಂತು ಮಾತಾಡಿದರು. ಹಾರ ಹಾಕಿಸಿಕೊಳ್ಳೋ ಆಸೆಗೆ ಊರನ್ನೇ ಮಾರಿದಳು ಎಂದವರೂ ಇದ್ದರು. ಹಾರ ಹಾಕಿದ್ದು ಅವಳಿಗಲ್ಲ, ಆದರೆ ಅಂಥ ಹೊತ್ತಿನಲ್ಲಿ ಅದನ್ನು ಯಾರು ಕೇಳುತ್ತಾರೆ. ಅದೇ ವಾರ ಚಿರತೆ ಇನ್ನೊಮ್ಮೆ ಕಾಣಿಸಿಕೊಂಡಿತು. ಅವಳ ಅಪ್ಪ ಓದು ಸಾಕು ಎಂದುಬಿಟ್ಟರು. ಪರೀಕ್ಷೆಗೆ ಎರಡು ತಿಂಗಳೂ ಇರಲಿಲ್ಲ.

ರಂಜಿತ ಬಾಗಿಲ ಬಳಿ ನಿಂತಿದ್ದಳು, ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಹೇಳುವ ಕೆಲಸವಾದರೂ ಸಿಗುತ್ತಿತ್ತು. ನಾನು ನಂಜೇಗೌಡರಿಗೆ ಮತ್ತೆ ಅದೇ ಪಾಠ ಹೇಳಿದೆ. ತಪ್ಪು ಅವಳದ್ದಲ್ಲ, ಓದುವವರು ಬೇರೆ, ಬರೆಯುವವರು ಬೇರೆ, ದೆಹಲಿಯಲ್ಲೂ ಹೀಗೆಯೇ ಎಂದೆ. ಅವರು ಪೂರ್ತಿ ಕೇಳಿದರು. ಹಿಂದಿನ ಬೆಂಚಿನವರಿಗಿಂತ ಚೆನ್ನಾಗಿ ಕೇಳಿದರು.

"ಅದು ಗೊತ್ತಾಯ್ತದೆ ಮೇಷ್ಟ್ರೇ. ನಮ್ಮೂರಲ್ಲೂ ಮೊದ್ಲು ತಮಟೆ ಬಡ್ದು ಸಾರೋರು. ಸಾರೋನ್ದೇನೂ ತಪ್ಪಿಲ್ಲ, ಯಜಮಾನ್ರು ಹೇಳಿದ್ದ ಅವ್ನು ಹೇಳ್ತಾನೆ. ಆದ್ರೆ ಸಾರುದ್ ಮ್ಯಾಲೆ ಜನ ಸೇರಿ ಕೂತು ಮಾತಾಡೋರು. ನೀವು ಸಾರ್ಸುದ್ರಿ. ಕೂಟ ಎಲ್ಲಿ ಕೂರ್ಸುದ್ರಿ?"

ಎರಡು ತರಗತಿ ನಾನು ಪುಸ್ತಕ ಹಿಡಿದು ಹೇಳಿದ್ದನ್ನು ಅವರು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದರು. ನನಗೆ ನಾಚಿಕೆಯಾಯಿತು. ಮೇಷ್ಟ್ರ ಕೆಲಸಕ್ಕೆ ಸೇರಿದ ಮೇಲೆ ಅಷ್ಟು ನಾಚಿಕೆ ಇನ್ನೊಮ್ಮೆ ಆಗಿಲ್ಲ. ಕೂಟ ಇನ್ನೂ ಬಾಕಿ ಇದೆ ಗೌಡ್ರೇ, ಒಂದು ವಾರ ಟಿ.ಸಿ. ಕೇಳಬೇಡಿ ಎಂದೆ. ಅವರು ಮೊಮ್ಮಗಳ ಕಡೆ ತಿರುಗಿದರು.

"ನಿಮ್ಮಪ್ಪಂಗೆ ನಾನ್ ಹೇಳ್ತೀನಿ. ಕೂಟ ಮುಗಿಯೋಗಂಟ ಸಾಯಂಕಾಲ ಹಳೇಬೀಡಿಗೆ ನಾನೇ ಗಾಡಿ ತತ್ತೀನಿ ಕಣವ್ವ."

ಗಾಡಿ ಎಂದರೆ ತೆಂಗಿನಕಾಯಿ ಮೂಟೆ ಹೊತ್ತು ಹೊತ್ತು ಸೀಟು ಹರಿದಿದ್ದ ಅವರ ಹಳೆಯ ಮೊಪೆಡ್ಡು. ನಾಲ್ವರು ಹುಡುಗಿಯರನ್ನು ಇಬ್ಬಿಬ್ಬರಂತೆ ಎರಡು ಸಲ ಸಾಗಿಸುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯ.

ಮಾರನೆಯ ದಿನ ಪ್ರಿನ್ಸಿಪಾಲರ ಬಳಿ ಹೋಗಿ, ಸಂಸತ್ತು ಅರ್ಧಕ್ಕೆ ನಿಂತಿದೆ, ಮುಗಿಸಬೇಕು ಎಂದೆ. ಅತಿಥಿ ಇಲ್ಲದ ಕಾರ್ಯಕ್ರಮ ಯಾಕೆ ಎಂದು ಅವರಿಗೆ ಅರ್ಥವಾಗಲಿಲ್ಲ, ಖರ್ಚಿಲ್ಲ ಎಂದ ಮೇಲೆ ಒಪ್ಪಿದರು. ಶುಕ್ರವಾರ ಮಧ್ಯಾಹ್ನ ಸದನ ಸೇರಿತು. ಹಾರವಿಲ್ಲ, ಮೈಕಿಲ್ಲ. ರಂಜಿತ ಒಳಗೆ ಕೂರುವಂತಿರಲಿಲ್ಲ. ಚರ್ಚೆಯ ಹೊತ್ತಿನಲ್ಲಿ ರಾಷ್ಟ್ರಪತಿಗೆ ಸದನದಲ್ಲಿ ಜಾಗವಿಲ್ಲ ಎಂದು ನಾನೇ ಹೇಳಿಕೊಟ್ಟಿದ್ದೆ. ಈ ಸಲವಾದರೂ ಆ ನಿಯಮ ಬಿಡೋಣ ಎನ್ನುವಷ್ಟರಲ್ಲಿ ಅವಳೇ ಹೊರಗೆ ಹೋಗಿ ಜಗುಲಿಯ ಕಂಬಕ್ಕೆ ಒರಗಿ ಕೂತಳು. ಬಾಗಿಲು ತೆರೆದೇ ಇತ್ತು.

ಆಳುವ ಪಕ್ಷದವನೊಬ್ಬ ವಂದನಾ ನಿರ್ಣಯ ಮಂಡಿಸಿದ. ಕೂಡಲೇ ಜಾವಗಲ್ ಕಡೆಯ ಒಬ್ಬ ಹುಡುಗ ತಿದ್ದುಪಡಿ ಓದಿದ. ಹುಲಿಕೆರೆಗೆ ಸಂಜೆ ಬಸ್ಸು ನಿಂತುಹೋಗಿರುವುದನ್ನು ಭಾಷಣದಲ್ಲಿ ತಿಳಿಸದೆ ಇರುವುದಕ್ಕೆ ಈ ಸದನ ವಿಷಾದಿಸುತ್ತದೆ ಎಂಬುದು ಅದರ ಒಕ್ಕಣೆ. ಚರ್ಚೆ ಮುಕ್ಕಾಲು ಗಂಟೆ ನಡೆಯಿತು. ಹುಲಿಕೆರೆಯ ಇನ್ನುಳಿದ ಮೂವರು ಹುಡುಗಿಯರು, ವರ್ಷವಿಡೀ ತರಗತಿಯಲ್ಲಿ ಬಾಯಿ ತೆರೆಯದವರು, ದಾರಿಯ ಒಂದೊಂದು ತಿರುವನ್ನೂ ಹೇಳಿದರು. ಎಲ್ಲಿ ಬೆಳಕು ಮುಗಿಯುತ್ತದೆ, ಎಲ್ಲಿಂದ ಕೈ ಹಿಡಿದುಕೊಂಡು ನಡೆಯುತ್ತಾರೆ, ಯಾರು ಮೊದಲು ಹಾಡಲು ಶುರುಮಾಡುತ್ತಾರೆ. ಹಾಡುವುದು ಹೆದರಿಕೆಗೆ ಎಂದು ಒಬ್ಬಳು ಹೇಳಿದಾಗ ಯಾರೂ ನಗಲಿಲ್ಲ.

ಮತಕ್ಕೆ ಹಾಕಿದಾಗ ಸರ್ಕಾರದ ಪಕ್ಷಕ್ಕೆ ಒಂದು ತಲೆ ಹೆಚ್ಚಿತ್ತು. ನಾನೇ ಹಾಗೆ ಹಂಚಿದ್ದೆ, ಸರ್ಕಾರ ಬೀಳಬಾರದಲ್ಲ. ತಿದ್ದುಪಡಿಯ ಪರ ಕೈ ಎತ್ತಿ ಎಂದ ಕೂಡಲೇ ಸಾರಿಗೆ ಮಂತ್ರಿ ಚೇತನ್ ಕೈ ಎತ್ತಿದ. ನಿಯಮ ನನ್ನ ಬಾಯಿಂದ ತಾನಾಗಿಯೇ ಹೊರಬಿತ್ತು. ಮಂತ್ರಿಯಾಗಿರುವವನು ತನ್ನ ಸರ್ಕಾರದ ಭಾಷಣದ ವಿರುದ್ಧ ಮತ ಹಾಕುವಂತಿಲ್ಲ, ಮೊದಲು ರಾಜೀನಾಮೆ ಕೊಡಬೇಕು ಎಂದೆ. ಅವನು ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಬರೆದು, ಪ್ರಧಾನಿಯ ಕೈಗೆ ಕೊಟ್ಟು, ಮತ್ತೆ ಕೈ ಎತ್ತಿದ. ಸರ್ಕಾರ ಒಂದು ಮತದಿಂದ ಬಿತ್ತು. ಗೆದ್ದವರೂ ಕೂಗಾಡಲಿಲ್ಲ, ಇನ್ನೇನು ಮಾಡಬೇಕು ಎಂಬಂತೆ ನನ್ನನ್ನೇ ನೋಡಿದರು.

ಇನ್ನೊಂದು ಪದ್ಧತಿ ಉಳಿದಿತ್ತು. ನಿರ್ಣಯವನ್ನು ರಾಷ್ಟ್ರಪತಿಗೆ ತಲುಪಿಸಬೇಕು, ತಲುಪಿತೆಂದು ರಾಷ್ಟ್ರಪತಿ ಒಂದು ಸಾಲು ಬರೆದು ಕಳಿಸಬೇಕು, ಅದನ್ನು ಸದನದಲ್ಲಿ ಓದಬೇಕು. ಕಾಗದವನ್ನು ನಾನೇ ಜಗುಲಿಗೆ ಒಯ್ದೆ. ರಂಜಿತ ತಿದ್ದುಪಡಿಯನ್ನು ಎರಡು ಸಲ ಓದಿದಳು.

"ಉತ್ತರಾನೂ ಅವ್ರೇ ಬರ್ದುಕೊಡ್ತಾರಾ ಸಾರ್?"

ನಿಜವಾದ ರೂಢಿಯಲ್ಲಿ ಅದೂ ಒಂದು ಕಟ್ಟಿಟ್ಟ ವಾಕ್ಯವೇ. ಆ ವಾಕ್ಯ ನನ್ನ ಜೇಬಿನ ಚೀಟಿಯಲ್ಲಿ ಸಿದ್ಧವಾಗಿಯೂ ಇತ್ತು. ನಾನು ಚೀಟಿ ತೆಗೆಯಲಿಲ್ಲ.

"ಇಲ್ಲ. ಇದು ನೀನೇ ಬರೀಬೇಕು."

ಅವಳು ಕಂಬಕ್ಕೆ ಹಾಳೆ ಒತ್ತಿ ಹಿಡಿದು ಬರೆದಳು. ಒಳಗೆ ಬಂದು ನಾನು ಓದಿದೆ. "ಮಾನ್ಯ ಸದಸ್ಯರೇ, ನಿಮ್ಮ ವಂದನೆ ತಲುಪಿತು. ಬಸ್ಸು ಇನ್ನೂ ತಲುಪಿಲ್ಲ. ತಲುಪಿದ ದಿನ ತಿಳಿಸುತ್ತೇನೆ." ಚೇತನ್ ಒಬ್ಬನೇ ಮೇಜು ಕುಟ್ಟಿದ. ಆಮೇಲೆ ಎಲ್ಲರೂ ಕುಟ್ಟಿದರು, ಪ್ರಿನ್ಸಿಪಾಲರು ಏನಾಯಿತೆಂದು ಓಡಿಬಂದರು.

ಭಾಷಣದ ಜೊತೆಗೆ ನಡಾವಳಿ, ತಿದ್ದುಪಡಿ, ಈ ಉತ್ತರ ಎಲ್ಲವನ್ನೂ ಸೇರಿಸಿ ಆ ಅಧಿಕಾರಿಗೆ ಕಳಿಸಿದೆವು. ಮೊದಲು ಕೊಟ್ಟ ಫೈಲು ಅಪೂರ್ಣವಾಗಿತ್ತು, ಅದಕ್ಕೆ ನಾನೇ ಹೊಣೆ ಎಂದು ಮೇಲೊಂದು ಪತ್ರ ಬರೆದೆ. ಒಂದು ನಕಲನ್ನು ಹುಲಿಕೆರೆಗೂ ಒಯ್ದೆ. ಅಜ್ಜಿಯ ಕಿವಿಗೆ ಕೇಳುವಂತೆ ರಂಜಿತ ಅದನ್ನು ಓದಿದಾಗ ಇಡೀ ಬೀದಿಗೆ ಕೇಳಿಸಿತು, ಮೊದಲು ಮಾತಾಡಿದವರ ಮನೆಗಳಿಗೂ. ಬಸ್ಸು ಬರಲಿಲ್ಲ. ಪರಿಶೀಲಿಸುತ್ತೇವೆ ಎಂಬ ಪತ್ರ ಬಂತು. ನಂಜೇಗೌಡರ ಮೊಪೆಡ್ಡು ಒಂದು ವಾರಕ್ಕೆಂದು ಹೊರಟದ್ದು ಪರೀಕ್ಷೆಯವರೆಗೂ ಓಡಿತು. ರಂಜಿತ ಪರೀಕ್ಷೆ ಬರೆದಳು, ಪಾಸಾದಳು. ಬೇಸಿಗೆಯಲ್ಲಿ ನನ್ನ ನಿಯೋಜನೆ ಮುಗಿದು ತುಮಕೂರಿನ ಕಡೆಗೆ ಹೋದೆ. ಬೇಲೂರಿನವರು ಯಾರೂ ನನ್ನನ್ನು ಹೆಚ್ಚು ಹಚ್ಚಿಕೊಂಡಿರಲಿಲ್ಲ, ಬೀಳ್ಕೊಡುಗೆಯೂ ಚುಟುಕಾಗಿಯೇ ಮುಗಿಯಿತು.

ಹೋಟೆಲಿನ ಟಿ.ವಿ.ಯಲ್ಲಿ ಭಾಷಣ ಮುಗಿದಿತ್ತು. ಎಲ್ಲರೂ ಎದ್ದು ನಿಂತಿದ್ದರು. ಗಲ್ಲಾದ ಮೇಲಿದ್ದವರು ಅಷ್ಟಕ್ಕೇ ಮುಗಿಯಿತೆಂದು ಚಾನೆಲ್ ಬದಲಿಸಿದರು. ಮುಗಿದಿಲ್ಲ, ಕೂಟ ಇನ್ನು ಕೂರಬೇಕು ಎಂದು ಈ ಸಲ ಬಾಯಿಬಿಟ್ಟೇ ಹೇಳಿದೆ. ವಿಭೂತಿಯ ವ್ಯಾಪಾರಿ ಒಮ್ಮೆ ನನ್ನನ್ನು ನೋಡಿ ಇಡ್ಲಿ ಮುಂದುವರಿಸಿದರು.

ನಾನು ಫೋನು ತೆಗೆದು ಒಂದು ಹಳೆಯ ಸಂದೇಶ ಹುಡುಕಿದೆ. ತುಮಕೂರಿಗೆ ಹೋದ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ಗುರುತಿಲ್ಲದ ನಂಬರಿನಿಂದ ಬಂದದ್ದು. ಫೋನು ಎರಡು ಸಲ ಬದಲಾಗಿದೆ, ಅದನ್ನು ಮಾತ್ರ ಕಳೆದುಕೊಂಡಿಲ್ಲ.

"ಮಾನ್ಯ ಸದಸ್ಯರೇ, ಇವತ್ತು ಸಂಜೆ ಬಸ್ಸು ತಲುಪಿತು. ನಾನು ಅದರಲ್ಲಿ ಇರಲಿಲ್ಲ, ತಂಗಿ ಇದ್ದಳು. ತಾತ ಅಭ್ಯಾಸಬಲದಿಂದ ಗಾಡಿ ತಗೊಂಡು ಹಳೇಬೀಡಿಗೆ ಹೋಗಿ, ಬಸ್ಸಿನ ಹಿಂದೆಯೇ ವಾಪಸ್ಸು ಬಂದರು. ಇದು ನಾನೇ ಬರೆದದ್ದು ಸಾರ್."